ಒಂದು ಹೆಜ್ಜೆ ಹಿಂದೆ ಹೋದರೆ ತಪ್ಪೇನು?



ಇತ್ತಲಾರ್ ಕಡೆ ಚಹಾ ಎಲೆ ಲಾರಿಗಳನ್ನು ದಿನಾ ನೋಡುತ್ತೇವೆ. ಒಂದು ಲಾರಿ ಫ್ಯಾಕ್ಟರಿಯಿಂದ ಹೊರಟು 10 ಹಟ್ಟಿ ಸುತ್ತಿ ಮರಳಬೇಕು ಎಂದುಕೊಳ್ಳಿ. ಯಾವ ಹಟ್ಟಿ ಮೊದಲು, ಯಾವುದು ಆಮೇಲೆ? ಒಟ್ಟು 36,28,800 ಕ್ರಮಗಳಿವೆ. ಹಟ್ಟಿ 15 ಆದರೆ ಅದು 1 ಲಕ್ಷ 30 ಸಾವಿರ ಕೋಟಿ ದಾಟುತ್ತದೆ. ಎಲ್ಲವನ್ನೂ ಅಳೆಯುತ್ತಾ ಕೂತರೆ ಎಲೆ ಬಾಡಿಹೋಗುತ್ತೆ!

ಸುಲಭದ ದಾರಿ: ಒಂದು ಕ್ರಮ ಹಿಡಿದು, ಎರಡು ಹಟ್ಟಿಗಳನ್ನು ಅದಲುಬದಲು ಮಾಡಿ ನೋಡುವುದು. ದೂರ ಕಮ್ಮಿಯಾದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಬಿಡುವುದು. ಆದರೆ ಈ ಹಟಮಾರಿ ವಿಧಾನ ಅರ್ಧದಲ್ಲೇ ಸಿಕ್ಕಿಬೀಳುತ್ತದೆ. ಯಾವ ಅದಲುಬದಲೂ ಲಾಭ ಕೊಡದ ಜಾಗ ಅದು. ಇನ್ನೂ ಒಳ್ಳೆಯ ಕ್ರಮ ಬೇರೆಲ್ಲೋ ಇರುತ್ತದೆ.

ಪರಿಹಾರ ಕಮ್ಮಾರನ ಕುಲುಮೆಯಲ್ಲಿದೆ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತೆ, ಬಿರಿಯುತ್ತೆ. ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಲು ಬಿಟ್ಟರೆ ಮೆದುವಾಗುತ್ತೆ. ಕಡಿಮೆ ಶಕ್ತಿಯ ಜಾಗಕ್ಕೆ ಸರಿದು ಕೂರಲು ಪರಮಾಣುಗಳಿಗೆ ಸಮಯ ಸಿಗುತ್ತದೆ. 1983ರಲ್ಲಿ ಕಿರ್ಕ್‌ಪ್ಯಾಟ್ರಿಕ್, ಗೆಲಾಟ್, ವೆಚ್ಚಿ ಇದನ್ನೇ ಲೆಕ್ಕಕ್ಕೆ ತಂದು ‘ಸಿಮ್ಯುಲೇಟೆಡ್ ಅನೀಲಿಂಗ್’ ಎಂದರು. ಇಲ್ಲಿ ‘ಉಷ್ಣತೆ’ ಬರೀ ಒಂದು ಸಂಖ್ಯೆ. ಹೊಸ ಕ್ರಮದಿಂದ ದೂರ 10 ಕಿ.ಮೀ. ಹೆಚ್ಚಾದರೂ, ಉಷ್ಣತೆ 10 ಇದ್ದಾಗ ನೂರಕ್ಕೆ ಸುಮಾರು 37 ಸಲ ಅದನ್ನು ಒಪ್ಪುತ್ತೇವೆ. ಉಷ್ಣತೆ 2ಕ್ಕೆ ಇಳಿದಾಗ ನೂರಕ್ಕೆ ಒಂದು ಸಲವೂ ಇಲ್ಲ.

ಹತ್ತನೇ ತರಗತಿಗೆ ಇದನ್ನು ಹೇಳಿಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ರಟ್ಟಿನಲ್ಲಿ ಒಂದು ಆಳದ, ಒಂದು ಮೇಲಿನ ತಗ್ಗು ಮಾಡಿ. ಮೇಲಿನ ತಗ್ಗಿನಲ್ಲಿ ಗೋಲಿ ಇಟ್ಟು, ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಅಲುಗಿಸಿ. ಹೆಚ್ಚಿನ ಸಲ ಗೋಲಿ ಆಳದ ತಗ್ಗಿಗೇ ಸೇರುತ್ತದೆ. ಪ್ರತಿ ಸಲವೂ ಅಲ್ಲ. ಅದನ್ನೂ ಮಕ್ಕಳೇ ಎಣಿಸಲಿ.

ಒಂದು ಎಚ್ಚರಿಕೆ. 2009ರಲ್ಲಿ ಗುರುತ್ವಾಕರ್ಷಣೆಯ ಹೆಸರಿನ ವಿಧಾನವೂ ಬಂತು. ಇಂಥವು ಈಗ ರಾಶಿ ಇವೆ. ಹೊಸ ಹೋಲಿಕೆ ಕೊಟ್ಟ ಮಾತ್ರಕ್ಕೆ ವಿಧಾನ ಹೊಸದಾಗದು ಎಂದು 2015ರಲ್ಲಿ ಕೆನೆತ್ ಸೊರೆನ್ಸೆನ್ ಟೀಕಿಸಿದರು. ಹೆಸರಿಗೆ ಮರುಳಾಗದೆ ಫಲಿತಾಂಶ ಹೋಲಿಸುವುದನ್ನೂ ನಾವೇ ಕಲಿಸಬೇಕು.

ಕೊನೆಯ ಮಾತು ನಮಗೇ. ಲೆಕ್ಕ ತಪ್ಪು ದಾರಿ ಹಿಡಿದ ಕೂಡಲೇ “ಅಳಿಸು” ಅಂತ ನಾನೂ ಎಷ್ಟೋ ಸಲ ಗದರಿದ್ದೇನೆ. ಮಕ್ಕಳು ಆಮೇಲೆ ಹೊಸ ದಾರಿ ಹುಡುಕುವುದನ್ನೇ ಬಿಡುತ್ತಾರೆ. ಪರೀಕ್ಷೆಯ ಹೊತ್ತಿಗೆ ಹದ ಬರಲಿ. ಜೂನ್ ತಿಂಗಳಲ್ಲಿ ಸ್ವಲ್ಪ ಬಿಸಿ ಇರಲಿ, ಅಲ್ಲವೇ?