ಬಣ್ಣದೆಲೆಯ ಜೆರೇನಿಯಂ: ಗೊಬ್ಬರಕ್ಕಿಂತ ಸೂರು ಮುಖ್ಯ

ಪಟ್ಟಣಗಳ ಸುತ್ತಮುತ್ತ ಹೂ, ತರಕಾರಿ ಬೆಳೆಯುವ ರೈತರಲ್ಲಿ ಕೆಲವರು ಕುಂಡದ ಗಿಡಗಳನ್ನೂ ಬೆಳೆಸಿ ಮಾರುತ್ತಾರೆ. ಇಂಥವರಿಗೆ ಬಣ್ಣದೆಲೆಯ ಜೆರೇನಿಯಂ ಒಳ್ಳೆಯ ಉಪಕಸುಬಾಗಬಲ್ಲದು. ಸಸ್ಯಶಾಸ್ತ್ರದಲ್ಲಿ ಇದು ಪೆಲಾರ್ಗೋನಿಯಂ. ತವರು ದಕ್ಷಿಣ ಆಫ್ರಿಕ. ಇಂಗ್ಲೆಂಡಿನ ಪೀಟರ್ ಗ್ರೀವ್ 1858ರಲ್ಲಿ ಪಡೆದ 'ಮಿಸೆಸ್ ಪೊಲಾಕ್' ತಳಿಯ ಒಂದೇ ಎಲೆಯಲ್ಲಿ ಹಸಿರು, ಕೆಂಪು, ಹಳದಿ ಮೂರೂ ಇವೆ. ಈ ಗಿಡದಲ್ಲಿ ಹೂವಿಗಿಂತ ಎಲೆಗೇ ಬೆಲೆ.

ಪಾಶ್ಚಾತ್ಯ ಪುಸ್ತಕಗಳು ಇದನ್ನು ನಾಜೂಕಿನ ಗಿಡವೆನ್ನುತ್ತವೆ. ಅಲ್ಲಿ ಅದನ್ನು ಕೊಲ್ಲುವುದು ಹಿಮ. ನಮ್ಮ ಬೆಂಗಳೂರು, ಕೋಲಾರದ ಕಡೆಯ ಚಳಿಯಾದರೋ ಅದಕ್ಕೆ ಹಿತ. ಇಲ್ಲಿ ಗಿಡ ಸಾಯುವುದು ಮಳೆಗಾಲದಲ್ಲಿ. ನೀರು ಬಸಿಯದ ಕುಂಡದಲ್ಲಿ ಕಾಂಡದ ಬುಡ ಕಪ್ಪಾಗಿ ಕೊಳೆಯುತ್ತದೆ. ಗಿಡ ಸೊರಗಿತೆಂದು ಮತ್ತಷ್ಟು ನೀರು, ಗೊಬ್ಬರ ಕೊಡುವುದು ತಪ್ಪು. ಸಾರಜನಕ ಹೆಚ್ಚಾದರೆ ಗಿಡ ಮೆತ್ತಗೆ ಬೆಳೆದು ಎಲೆಯ ಬಣ್ಣವೂ ಮಂಕಾಗುತ್ತದೆ. ಆದುದರಿಂದ ಗೊಬ್ಬರಕ್ಕೆ ಹಾಕುವ ಹಣವನ್ನು ಮೊದಲು ಸೂರಿಗೆ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಸೂರಿಗೆ ಖರ್ಚು ಹೆಚ್ಚೆಂದು ಹಿಂಜರಿಯಬೇಕಿಲ್ಲ. ಇಪ್ಪತ್ತೈದು ತಾಯಿಗಿಡಗಳಿಗೆ ಬೆಳಕು, ಗಾಳಿ ಬರುವ ಜಗಲಿಯ ಅಂಚು ಸಾಕು. ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಭಾಗ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಬೇಕು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಕೊಡಬೇಕು. ಬೇಸಿಗೆಯಲ್ಲಿ ನಡುಹಗಲಿನ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು.

ಬೀಜದಿಂದ ತಾಯಿಯ ಬಣ್ಣ ಬಾರದು. ಕಡ್ಡಿಯಿಂದಲೇ ಸಸಿ ಮಾಡಬೇಕು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ, 8 ರಿಂದ 10 ಸೆಂ.ಮೀ. ಉದ್ದದ ತುದಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಲವು ಗಂಟೆ ನೆರಳಿನಲ್ಲಿ ಗಾಯ ಒಣಗಿಸಿ, ಮರಳಿನಲ್ಲಿ ನೆಡಬೇಕು. ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಚಾಕುವಿನ ಮೂಲಕ ರೋಗ ಹರಡುವುದರಿಂದ ಗಿಡದಿಂದ ಗಿಡಕ್ಕೆ ಹೋಗುವಾಗ ಅದನ್ನು ಸ್ಪಿರಿಟ್‌ನಿಂದ ಒರೆಸಬೇಕು. ಪೂರ್ಣ ಹಸಿರಾದ ಚಿಗುರು ಕಂಡರೆ ಬುಡಕ್ಕೇ ಚಿವುಟಬೇಕು. ಬಿಟ್ಟರೆ ಅದೇ ಬಲಿತು ಬಣ್ಣದ ಕೊಂಬೆಗಳನ್ನು ಹಿಂದಿಕ್ಕುತ್ತದೆ.

ಹೀಗೆ ಮಾಡಿದ ಸಸಿಗಳು ಜನವರಿಯಲ್ಲಿ, ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ, ಮಾರಾಟಕ್ಕೆ ಸಿದ್ಧವಾಗುತ್ತವೆ. ಜೂನ್‌ನಲ್ಲಿ ಮಾತ್ರ ಮಾರಬಾರದು. ಮೊದಲ ಮಳೆಗೇ ಗಿಡ ಕೊಳೆತರೆ ಕೊಂಡವರು ಮತ್ತೆ ನಮ್ಮ ಬಳಿ ಬರುವುದಿಲ್ಲ. ಗಿಡದ ಜೊತೆಗೆ 'ಮಳೆಗೆ ಇಡಬೇಡಿ' ಎಂಬ ಮಾತನ್ನೂ ಕೊಟ್ಟು ಕಳುಹಿಸುವ ಬೆಳೆಗಾರನಿಗೆ ಗಿರಾಕಿ ತಪ್ಪುವುದಿಲ್ಲ.