ಪರದೆಯೂ ಪಟವೂ

ನಾಟಕವು ಕೇಳತಕ್ಕದ್ದೋ ನೋಡತಕ್ಕದ್ದೋ ಎಂದು ನಮ್ಮ ಹಿರಿಯರನ್ನು ಕೇಳಿದರೆ ಎರಡೂ ಅಹುದೆಂದೇ ಹೇಳುವರು. ಆದರೆ ಹಾಡಿದವರ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಪರದೆ ಬರೆದವರ ಹೆಸರು ಬಹುಮಟ್ಟಿಗೆ ಅಳಿದುಹೋಗಿದೆ. ಈ ತಿಂಗಳು ಆ ಪರದೆಯ ವಿಷಯವಾಗಿ ನಾಲ್ಕು ಮಾತು.

ಸಂಗೀತ ನಾಟಕಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. ಮರಾಠಿಯಲ್ಲಿ ಅದಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಕಾಳಿದಾಸನ ಶಾಕುಂತಲಕ್ಕೆ ಹಾಡುಗಳನ್ನು ಹೆಣೆದು ಅವರು 1880ರಲ್ಲಿ ಪುಣೆಯಲ್ಲಿ ರಂಗಕ್ಕೇರಿಸಿದರು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಕಲಾವೈಭವ ನಾಟ್ಯಸಂಘವನ್ನು ಕಟ್ಟಿ, ಬಸವೇಶ್ವರರ ಪಾತ್ರದಿಂದ ಮನೆಮಾತಾಗಿ, 2017ರಲ್ಲಿ ತೀರಿಕೊಂಡರು. ಬೈಲಹೊಂಗಲದ ಕಥೆಯಾದ ಸಂಗ್ಯಾ-ಬಾಳ್ಯಾ ಸಣ್ಣಾಟಕ್ಕೆ ಚಿತ್ರದ ಪರದೆ ಬೇಕಿಲ್ಲ; ಮಾತು, ಮಟ್ಟು, ಹೆಜ್ಜೆಗಳೇ ಸಾಕು. ಕಂಪನಿ ನಾಟಕಕ್ಕಾದರೋ ಅರಮನೆ, ಬೀದಿ, ಅರಣ್ಯಗಳೆಲ್ಲ ಕಣ್ಣೆದುರಿಗೆ ಬರಬೇಕು.

ಅವು ಬರುವ ಬಗೆ ಕೌತುಕಕರವಾದದ್ದು. ಹಿಂದೊಂದು ದೊಡ್ಡ ಪರದೆ, ಎಡಬಲಗಳಲ್ಲಿ ಜೋಡಿಜೋಡಿಯಾಗಿ ಪಕ್ಕದ ಪರದೆಗಳು, ಮೇಲೆ ಝಾಲರು. ಹತ್ತಿರದ ಕಂಬವನ್ನು ದೊಡ್ಡದಾಗಿಯೂ ದೂರದ್ದನ್ನು ಚಿಕ್ಕದಾಗಿಯೂ ಬರೆದಿರುವರು. ಬಿಡಿಯಾಗಿ ನೋಡಿದರೆ ಅವು ಅರ್ಧ ಕಂಬ, ತುಂಡು ಕಮಾನು. ಪ್ರೇಕ್ಷಕರ ಸ್ಥಾನದಲ್ಲಿ ಕುಳಿತು ನೋಡಿದರೆ ಎಲ್ಲವೂ ಕೂಡಿ ಒಂದೇ ಸಭಾಭವನವಾಗುವದು.

ಅಚ್ಚಿನ ಪಟದ ಮರ್ಮವೂ ಇದೇ. ನುಣುಪು ಮಾಡಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ತೋಯಿಸಿದರೆ, ಬಣ್ಣವು ಜಿಡ್ಡಿಗೆ ಹತ್ತುವದು, ತೇವಕ್ಕೆ ಹತ್ತದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಳದಿಯ ಕಲ್ಲೊಂದನ್ನೇ ಒತ್ತಿದರೆ ಬರಿಯ ಕಲೆ. ಎಲ್ಲ ಕಲ್ಲುಗಳೂ ಸಾಲಾಗಿ ಬಿದ್ದ ಮೇಲೆ ಮುಖ ಮೂಡುವದು. ರಾಜಾ ರವಿವರ್ಮನು ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ 1894ರಲ್ಲಿ ಹೊರಬಿದ್ದ ಮೊದಲನೆಯ ಪಟ ಶಕುಂತಲೆಯ ಜನನ. ಅವನ ಪಟಗಳಲ್ಲಿ ನಾಟಕದ ನಿಲುವುಗಳನ್ನು ಕಲಾವಿಮರ್ಶಕರು ಗುರುತಿಸಿರುವರು.

ರಂಗಕ್ಕೂ ಅಚ್ಚಿಗೂ ಇಂಥ ಕೊಡುಕೊಳ್ಳುವಿಕೆ ಪರದೇಶದಲ್ಲಿಯೂ ಉಂಟು. ಆಂಗ್ಲ ಚಿತ್ರಕಾರ ಹೋಗಾರ್ಥನು ಒಬ್ಬ ದುಂದುಗಾರನ ಪತನವನ್ನು ಎಂಟು ಪಟಗಳಲ್ಲಿ ಕೊರೆದು 1735ರಲ್ಲಿ ಪ್ರಕಟಿಸಿದನು. ಅವುಗಳಿಂದ ಸ್ಫೂರ್ತಿಗೊಂಡು ಸ್ಟ್ರಾವಿನ್‌ಸ್ಕಿ ರಚಿಸಿದ ಸಂಗೀತ ನಾಟಕವು 1951ರಲ್ಲಿ ವೆನಿಸ್ಸಿನಲ್ಲಿ ಪ್ರಯೋಗವಾಯಿತು. 1975ರಲ್ಲಿ ಅದಕ್ಕೆ ರಂಗಸಜ್ಜಿಕೆ ಮಾಡಿದ ಡೇವಿಡ್ ಹಾಕ್ನಿಯು ಪರದೆ, ಮೇಜು, ಉಡುಪುಗಳ ಮೇಲೆಲ್ಲ ಕೊರೆದ ಪಟದ ಅಡ್ಡಗೆರೆಗಳನ್ನೇ ಎಳೆದನು. ರಂಗವೇ ಒಂದು ಅಚ್ಚಿನ ಪಟವಾಯಿತು.

ನಮ್ಮಲ್ಲಿ ಈ ಹಾದಿ ತೆರೆಯಬೇಕಾದರೆ ಮೊದಲು ಪರದೆಗಳು ಉಳಿಯಬೇಕು. ಬಟ್ಟೆಯ ಮೇಲಿನ ಬಣ್ಣವು ಊರಿಂದೂರಿಗೆ ಸುತ್ತಿ ಬಿಚ್ಚುವದರಿಂದ ಉದುರುವದು. ಮಳೆ, ಗೆದ್ದಲು, ಇಲಿಗಳ ಕಾಟ ಬೇರೆ. ಕಂಪನಿ ಮುಚ್ಚಿದ ಮೇಲೆ ಅದನ್ನು ಕೇಳುವರಾರು? ಹಳೆಯ ಪರದೆಯೊಂದು ಯಾರ ಅಟ್ಟದ ಮೇಲಾದರೂ ಇದ್ದರೆ, ಅದನ್ನು ಹರಿದು ಹೊದಿಕೆ ಮಾಡುವ ಮುನ್ನ ಹರಡಿ, ಪೂರ್ತಿಯಾಗಿ ಛಾಯಾಚಿತ್ರ ತೆಗೆಯಿಸಿರಿ. ಬರೆದವರ ಹೆಸರು ಅಂಚಿನಲ್ಲಿದ್ದರೆ ಬರೆದಿಟ್ಟುಕೊಳ್ಳಿರಿ. ಪಡಸಾಲೆಯ ಹಳೆಯ ಪಟವನ್ನು ತೇವದ ಗೋಡೆಗೂ ನೇರ ಬಿಸಿಲಿಗೂ ತೂಗಹಾಕಬೇಡಿರಿ. ಗಾಜು ಒರೆಸುವಾಗ ಬಟ್ಟೆಯನ್ನು ಹಿಂಡಿಕೊಳ್ಳಿರಿ, ನೀರು ಚೌಕಟ್ಟಿನೊಳಗೆ ಇಳಿದರೆ ಕಾಗದ ಕೆಡುವದು.

ಚಿತ್ರಕಲೆ ಕಲಿಯುವ ನಮ್ಮ ತರುಣರಿಗೂ ಒಂದು ಸೂಚನೆ. ಒಂದು ಹಾಳೆಯಲ್ಲಿ ಹಿಡಿಯದ ಸಭಾಭವನವನ್ನು ಹತ್ತು ಹಲಗೆಗಳಲ್ಲಿ ಕೊರೆದು, ಹತ್ತು ಹಾಳೆಗಳಲ್ಲಿ ಒತ್ತಿ, ಗೋಡೆಯ ಮೇಲೆ ಜೋಡಿಸಬಹುದು. ಅಂಥ ಪಟವೊಂದು ಗುರ್ಲಹೊಸೂರಿನಲ್ಲಿಯೋ ಏಣಗಿಯಲ್ಲಿಯೋ ತೂಗಲಿ; ಆ ಊರಿನ ಮಕ್ಕಳು ತಮ್ಮ ಅಜ್ಜಂದಿರು ನೋಡಿದ್ದನ್ನು ನೋಡುವರು.