ಹಂದಿ ಸಾಕಣೆ: ಸಹಾಯಧನಕ್ಕಿಂತ ಮೊದಲು ಆಹಾರದ ಲೆಕ್ಕ



2025ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ದಿನಗಟ್ಟಲೆ ಧರಣಿ ಕುಳಿತದ್ದು ನಿಮಗೆ ಗೊತ್ತೇ ಇದೆ. ಅದೇ ಸುಗ್ಗಿಯಲ್ಲಿ ಗೋವಿನಜೋಳದ ಪೇಟೆ ಧಾರಣೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಕಾಳು ಮಾರುವ ಬದಲು ಅದನ್ನೇ ಹಂದಿಗೆ ಹಾಕಿ ಮಾಂಸ ಮಾಡಿ ಮಾರಿದರೆ ಹೇಗೆ ಎಂಬ ವಿಚಾರ ಆಗ ಬರುವುದು ಸಹಜ. ಅರಭಾವಿ ಸುತ್ತಿನ ನಮ್ಮ ನೀರಾವರಿ ಹೊಲಗಳಲ್ಲಿ ಗೋವಿನಜೋಳವೂ ಇದೆ, ಸೋಯಾ ಕೂಡ ಇದೆ. ಆದರೆ ಲೆಕ್ಕ ಹಾಕದೆ ಇಳಿಯಬಾರದು.

ಸಹಾಯಧನ ಯಾವುದಕ್ಕೆ?

ರಾಷ್ಟ್ರೀಯ ಜಾನುವಾರು ಮಿಷನ್ 2021ರ ಪರಿಷ್ಕೃತ ಯೋಜನೆಯಂತೆ ಬಂಡವಾಳ ವೆಚ್ಚದ ಶೇಕಡಾ 50ರಷ್ಟು ಸಹಾಯಧನ ಕೊಡುತ್ತದೆ. 50 ಹೆಣ್ಣು, 5 ಗಂಡು ಹಂದಿಗಳ ಘಟಕಕ್ಕೆ ಗರಿಷ್ಠ 15 ಲಕ್ಷ ರೂಪಾಯಿ. ಅದು ಎರಡು ಕಂತಿನಲ್ಲಿ ಬರುತ್ತದೆ. ದಿನನಿತ್ಯದ ಆಹಾರದ ಖರ್ಚು ಇದರಲ್ಲಿ ಸೇರುವುದಿಲ್ಲ.

ಪ್ರತಿ ಹಂದಿಗೆ ದಿನಕ್ಕೆ ಎರಡೂವರೆ ಕಿಲೋದಂತೆ 55 ಹಂದಿಗಳಿಗೆ ಸುಮಾರು 137 ಕಿಲೋ ಬೇಕು. ಗಬ್ಬದ ಅವಧಿ 114 ದಿನ. ಎಂದರೆ ಮೊದಲ ಮರಿ ಹುಟ್ಟುವ ಮೊದಲೇ ಸುಮಾರು 157 ಕ್ವಿಂಟಲ್ ಆಹಾರ ಕರಗುತ್ತದೆ. ಆ ಮರಿ 90 ಕಿಲೋ ತೂಗಲು ಮತ್ತೆ ಏಳೆಂಟು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಹಣವಿಲ್ಲದವರು ಸಾಲದ ಮೇಲೆ ಸಾಲ ಮಾಡಬೇಕಾದೀತು.

ಆಹಾರ

20ರಿಂದ 50 ಕಿಲೋ ತೂಕದ ಬೆಳೆಯುವ ಹಂದಿಗಳಿಗೆ ನೂರು ಕಿಲೋ ಮಿಶ್ರಣವನ್ನು ಹೀಗೆ ಮಾಡಬಹುದು: ಗೋವಿನಜೋಳದ ನುಚ್ಚು 55, ಸೋಯಾ ಹಿಂಡಿ 18, ಗೋಧಿ ಬೂಸಾ 24, ಖನಿಜ ಮಿಶ್ರಣ ಎರಡೂವರೆ, ಉಪ್ಪು ಅರ್ಧ ಕಿಲೋ. ಹಸಿ ಸೋಯಾ ಕಾಳನ್ನು ಹಾಗೆಯೇ ಹಾಕಬಾರದು; ಪಚನವಾಗುವುದಿಲ್ಲ. ಮಳೆಗೆ ಸಿಕ್ಕು ಬೂಷ್ಟು ಹಿಡಿದ ಗೋವಿನಜೋಳ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಅದರ ವಿಷದಿಂದ ಹೆಣ್ಣು ಹಂದಿಗಳು ಗಬ್ಬ ನಿಲ್ಲದೆ ಹೋಗುತ್ತವೆ. ಮರಿ ಹಾಕಿದ ಹಂದಿಗೆ ಎರಡೂವರೆ ಕಿಲೋದ ಜೊತೆಗೆ ಮರಿಯೊಂದಕ್ಕೆ ಕಾಲು ಕಿಲೋದಂತೆ ಹೆಚ್ಚಿಸಿರಿ. ನೀರು ಸದಾ ಇರಬೇಕು.

ಸಂತಾನ

ಎಂಟು ತಿಂಗಳು ತುಂಬಿ, ಮೈ ತುಂಬಿಕೊಂಡ ಹೆಣ್ಣನ್ನೇ ಗಂಡಿಗೆ ಬಿಡಬೇಕು. ಬೆದೆ 21 ದಿನಕ್ಕೊಮ್ಮೆ ಬಂದು ಎರಡು-ಮೂರು ದಿನ ಇರುತ್ತದೆ. 12ರಿಂದ 24 ತಾಸಿನ ಅಂತರದಲ್ಲಿ ಎರಡು ಸಲ ಕೂಡಿಸುವುದು ಒಳ್ಳೆಯದು. ತಾರೀಖನ್ನು ಪುಸ್ತಕದಲ್ಲಿ ಬರೆದಿಡಿ. ಜನವರಿ 1ಕ್ಕೆ ಕೂಡಿಸಿದರೆ 22ರ ಸುಮಾರಿಗೆ ಮತ್ತೆ ಬೆದೆ ಬಂತೇ ನೋಡಿ. ಬರದಿದ್ದರೆ ಏಪ್ರಿಲ್ 25ರ ಸುಮಾರಿಗೆ ಮರಿ ನಿರೀಕ್ಷಿಸಿ. ಒಂದು ಬೆದೆ ತಪ್ಪಿದರೆ ಆ ಹಂದಿ 50 ಕಿಲೋಕ್ಕೂ ಹೆಚ್ಚು ಆಹಾರವನ್ನು ಪುಕ್ಕಟೆ ತಿಂದಂತೆ. ಗಂಡನ್ನು ಅದರ ಮಕ್ಕಳೊಡನೆ ಕೂಡಿಸಬಾರದು. ಮರಿಗಳಿಗೆ ಮೂರು-ನಾಲ್ಕನೆಯ ದಿನ ಕಬ್ಬಿಣಾಂಶದ ಚುಚ್ಚುಮದ್ದು ಮರೆಯದೆ ಹಾಕಿಸಿರಿ.

ಮುಸುರೆಯ ಅಪಾಯ

ಖರ್ಚು ಉಳಿಸಲು ಹೋಟೆಲು, ಕಲ್ಯಾಣ ಮಂಟಪಗಳ ಮುಸುರೆ ತರುವವರಿದ್ದಾರೆ. ಇಲ್ಲಿಯೇ ಎಚ್ಚರ ಬೇಕು. 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ 2022ರಲ್ಲಿ ಕೇರಳದ ವಯನಾಡಿಗೆ, 2025ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಬಂದಿತು. ಮನುಷ್ಯರಿಗೆ ಇದು ತಗಲುವುದಿಲ್ಲ. ಆದರೆ ಹಂದಿಗೆ ಔಷಧವೂ ಇಲ್ಲ. ನಮ್ಮಲ್ಲಿ ಮೊದಲಿನಿಂದ ಇರುವ ಹಂದಿ ಜ್ವರಕ್ಕೆ ಹಾಕಿಸುವ ಲಸಿಕೆ ಇದನ್ನು ತಡೆಯದು. ರೋಗ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರಿನ ಹಂದಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಒಬ್ಬನ ಅಗ್ಗದ ಆಸೆಗೆ ನೆರೆಯವನ ದೊಡ್ಡಿಯೂ ಬರಿದಾಗುತ್ತದೆ. ಮಾಂಸದ ಚೂರು ಬೆರೆತ ಮುಸುರೆ ಬೇಡವೇ ಬೇಡ. ಉಳಿದದ್ದನ್ನೂ ಅರ್ಧ ತಾಸು ಚೆನ್ನಾಗಿ ಕುದಿಸದೆ ಹಾಕಬೇಡಿ. ಹೊರಗಿನಿಂದ ತಂದ ಹಂದಿಯನ್ನು ಒಂದು ತಿಂಗಳು ಬೇರೆ ಕಟ್ಟಿರಿ. ವ್ಯಾಪಾರಿಯ ಗಾಡಿಯನ್ನು ದೊಡ್ಡಿಯ ಹತ್ತಿರ ಬಿಡಬೇಡಿ.

ಕೊನೆಯ ಮಾತು

ನಮ್ಮ ಸಂತೆಗಳಲ್ಲಿ ಹಂದಿ ಮಾಂಸಕ್ಕೆ ಗಿರಾಕಿ ಕಡಿಮೆ, ಗೋವೆಯಲ್ಲಿ ಹೆಚ್ಚು. ಆದ್ದರಿಂದ ಕೊಳ್ಳುವವನನ್ನು ಮೊದಲು ಗೊತ್ತುಮಾಡಿಕೊಳ್ಳಿ. ಎರಡು-ಮೂರು ಹೆಣ್ಣು ಹಂದಿಗಳಿಂದ ಆರಂಭಿಸಿ ಒಂದು ವರ್ಷದ ಲೆಕ್ಕ ಬರೆಯಿರಿ. ಲೆಕ್ಕ ಹೊಂದಿದರೆ ಆ ಪುಸ್ತಕ ಹಿಡಿದುಕೊಂಡೇ ಪಶುವೈದ್ಯರ ಬಳಿಗೂ ಬ್ಯಾಂಕಿಗೂ ಹೋಗಿರಿ. ಹೊಂದದಿದ್ದರೆ ಎರಡು ಹಂದಿಗಳಷ್ಟೇ ನಷ್ಟ. ಹೊಲ ನಿಮ್ಮದಾಗಿಯೇ ಉಳಿಯುತ್ತದೆ.